ಕರ್ನಾಟಕದಲ್ಲಿ ನೆಲೆಸಿದ್ದ ಬ್ರಿಟಿಷರ ಇಂಗ್ಲಿಷ್

ಕರ್ನಾಟಕದಲ್ಲಿ ನೆಲೆಸಿದ್ದ ಬ್ರಿಟಿಷರ ಇಂಗ್ಲಿಷ್ ಎಂದರೆ 18ನೆಯ ಶತಮಾನದ ಕೊನೆಯಿಂದ 20ನೆಯ ಶತಮಾನದ ಮಧ್ಯಭಾಗದವರೆಗೆ ಇಂದಿನ ಕರ್ನಾಟಕದ ಪ್ರದೇಶಗಳಲ್ಲಿ ವಾಸವಾಗಿದ್ದ ಬ್ರಿಟಿಷ್ ಅಧಿಕಾರಿಗಳು, ಸೈನಿಕರು, ಪಾದ್ರಿಗಳು, ಕಾಫಿ ತೋಟಗಳ ಒಡೆಯರು ಹಾಗೂ ಅವರ ಕುಟುಂಬದವರು ಆಡುತ್ತಿದ್ದ ಮತ್ತು ಬರೆಯುತ್ತಿದ್ದ ಇಂಗ್ಲಿಷ್ ಭಾಷೆಯ ಒಂದು ರೂಪ. ಇದು ಭಾರತದಾದ್ಯಂತ ಬಳಕೆಯಲ್ಲಿದ್ದ 'ಆಂಗ್ಲೋ-ಇಂಡಿಯನ್' ಇಂಗ್ಲಿಷಿನ ದಕ್ಷಿಣದ ಕವಲಾಗಿತ್ತು. ತಾಯ್ನಾಡಿನಿಂದ ದೂರವಿದ್ದು ಹತ್ತಾರು ವರ್ಷ ಕಳೆದ ಈ ಜನರ ಭಾಷೆಯಲ್ಲಿ ಪದಸಂಪತ್ತು, ಪದಗಳ ಅರ್ಥ, ವಾಕ್ಯರಚನೆ ಮತ್ತು ಉಚ್ಚಾರಣೆ ಈ ನಾಲ್ಕೂ ಹಂತಗಳಲ್ಲಿ ಬದಲಾವಣೆಗಳು ಉಂಟಾದವು.

ಈ ಬದಲಾವಣೆ ಎಲ್ಲ ಕ್ಷೇತ್ರಗಳಲ್ಲಿಯೂ ಸಮನಾಗಿರಲಿಲ್ಲ. ಕಂದಾಯ, ಅಡುಗೆಮನೆ, ಕೃಷಿ ಮತ್ತು ಕಾಡು ಮುಂತಾಗಿ ಸ್ಥಳೀಯರ ತಿಳಿವಳಿಕೆಯನ್ನು ನೆಚ್ಚಿಕೊಳ್ಳಲೇಬೇಕಾಗಿದ್ದ ಕಡೆ ಅವರ ಇಂಗ್ಲಿಷ್ ಬಹಳವಾಗಿ ಬದಲಾಯಿತು. ಚರ್ಚು, ಕ್ಲಬ್ಬು ಮುಂತಾಗಿ ತಮ್ಮವರೊಡನೆ ಮಾತ್ರ ಬೆರೆಯುತ್ತಿದ್ದ ಕಡೆ ಅದು ಹೆಚ್ಚು ಬದಲಾಗದೆ ಉಳಿಯಿತು. ಆದ್ದರಿಂದ ಈ ಭಾಷಾರೂಪವು ಪದಗಳ ಇತಿಹಾಸಕ್ಕೆ ಮಾತ್ರವಲ್ಲದೆ, ಆಳುವವರಿಗೂ ಆಳಿಸಿಕೊಂಡವರಿಗೂ ನಡುವೆ ಇದ್ದ ಸಂಬಂಧದ ಇತಿಹಾಸಕ್ಕೂ ಆಕರವಾಗಿದೆ.

ಹಿನ್ನೆಲೆ

1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಟಿಪ್ಪು ಸುಲ್ತಾನನ ರಾಜ್ಯವು ಹಂಚಿಹೋಯಿತು. ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಮರಳಿತು. ಕೆನರಾ ಮತ್ತು ಕೊಯಮತ್ತೂರು ಪ್ರದೇಶಗಳು ಈಸ್ಟ್ ಇಂಡಿಯಾ ಕಂಪನಿಯ ನೇರ ಆಡಳಿತಕ್ಕೆ ಸೇರಿದವು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶ ಸ್ಥಾಪನೆಯಾಯಿತು. 1831ರಿಂದ 1881ರವರೆಗೆ ಮೈಸೂರು ಸಂಸ್ಥಾನವೂ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಕೊಡಗು, ಮಂಜರಾಬಾದು, ಚಿಕ್ಕಮಗಳೂರು ಮತ್ತು ಬಿಳಿಗಿರಿರಂಗನ ಬೆಟ್ಟಗಳಲ್ಲಿ ಕಾಫಿ ಬೆಳೆಯಲು ಬಂದ ಬ್ರಿಟಿಷರು ಅಲ್ಲಿಯೇ ಮನೆ ಕಟ್ಟಿಕೊಂಡು ನೆಲೆಸಿದರು.

ಈಗ ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳು ಈ ವಿಷಯದಲ್ಲಿ ವಿಶೇಷ ಸ್ಥಾನ ಪಡೆದಿವೆ. ಹನೂರು, ಕೌದಳ್ಳಿ, ರಾಮಾಪುರ ಮತ್ತು ಮಲೆ ಮಹದೇಶ್ವರ ಬೆಟ್ಟಗಳನ್ನು ಒಳಗೊಂಡಿದ್ದ ಅಂದಿನ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು 1807ರಿಂದ ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರಾಗಿ ಮೈಸೂರು ಸಂಸ್ಥಾನದಲ್ಲಿತ್ತು. ಎರಡೂ ಕಡೆಯ ಜನರು ಆಡುತ್ತಿದ್ದುದು ಕನ್ನಡವಾದರೂ ಕಚೇರಿಯ ಇಂಗ್ಲಿಷ್ ಬೇರೆಬೇರೆಯಾಗಿತ್ತು. ಮದರಾಸು ಕಡೆಯ ಕಡತಗಳಲ್ಲಿ ತಾಲ್ಲೂಕಿನ ಅಧಿಕಾರಿಯು 'ತಹಸಿಲ್ದಾರ್', ಹಳ್ಳಿಯ ಲೆಕ್ಕ ಬರೆಯುವವನು 'ಕರ್ಣಂ'. ಮೈಸೂರು ಕಡೆಯ ಕಡತಗಳಲ್ಲಿ ಇವರೇ 'ಅಮಲ್ದಾರ್' ಮತ್ತು 'ಶಾನುಭೋಗ್'. ಕೊಳ್ಳೇಗಾಲವು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಈ ಗಡಿ ಮುಂದುವರಿಯಿತು.

ಹೊಸಬರು, ಹಳಬರು ಮತ್ತು 'ಮನೆ'

ಭಾರತಕ್ಕೆ ಬಂದು ಒಂದು ವರ್ಷ ತುಂಬದ ಬ್ರಿಟಿಷನನ್ನು ಹಳಬರು 'ಗ್ರಿಫಿನ್' ಎಂದು ಕರೆಯುತ್ತಿದ್ದರು. ಇಲ್ಲಿನ ಮಾತಿನ ರೀತಿಯನ್ನು ಅರಿಯದೆ ತಬ್ಬಿಬ್ಬಾಗುವುದು ಗ್ರಿಫಿನ್ನನ ಗುರುತಾಗಿತ್ತು. ಪ್ರಾಂತಗಳ ನಡುವೆಯೂ ಅಡ್ಡಹೆಸರುಗಳಿದ್ದವು. ಬಂಗಾಳದವರು 'ಕ್ವಾಯ್-ಹೈ'ಗಳು, ಬೊಂಬಾಯಿಯವರು 'ಡಕ್'ಗಳು, ಮದರಾಸು ಪ್ರಾಂತದವರು 'ಮಲ್'ಗಳು. ಕೊನೆಯ ಹೆಸರು 'ಮಲ್ಲಿಗಟಾನಿ' ಎಂಬ ಸಾರಿನಿಂದ ಬಂದುದು. ಅದರ ಮೂಲ ತಮಿಳಿನ 'ಮಿಳಗು ತಣ್ಣೀರ್', ಅಂದರೆ ಮೆಣಸಿನ ನೀರು.

ನೆಲೆಸಿದವರ ಭಾಷೆಯಲ್ಲಿ ಕೆಲವು ಸಾಧಾರಣ ಇಂಗ್ಲಿಷ್ ಪದಗಳೂ ಹೊಸ ಅರ್ಥ ಪಡೆದವು. 'ಹೋಮ್' ಎಂದರೆ ತಾನು ಇರುವ ಮನೆಯಲ್ಲ, ಬ್ರಿಟನ್. ಇಲ್ಲಿಯೇ ಹುಟ್ಟಿ ಆ ದೇಶವನ್ನು ಕಾಣದವರೂ ಹಾಗೆಯೇ ಹೇಳುತ್ತಿದ್ದರು. 'ಯೂರೋಪ್' ಎಂಬುದು ವಿಶೇಷಣವಾಗಿ ಆಮದಾದ ವಸ್ತುಗಳನ್ನು ಸೂಚಿಸಿತು. ಅದಕ್ಕೆ ಎದುರಾಗಿ 'ಕಂಟ್ರಿ' ಎಂಬುದು ಇಲ್ಲಿನದು ಎಂಬ ಅರ್ಥದಲ್ಲಿ, ಹಲವೊಮ್ಮೆ ಕೀಳೆಂಬ ಧ್ವನಿಯೊಂದಿಗೆ ಬಳಕೆಯಾಯಿತು. ಇದೇ ಕಾಲದಲ್ಲಿ ಕನ್ನಡಿಗರು ಹೊರಗಿನಿಂದ ಬಂದ ವಸ್ತುಗಳಿಗೆ 'ಸೀಮೆ' ಎಂಬ ಪದವನ್ನು ಸೇರಿಸಿ ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಎನ್ನುತ್ತಿದ್ದರು. ಇಲ್ಲಿಯವಕ್ಕೆ 'ನಾಟಿ' ಎನ್ನುತ್ತಿದ್ದರು. ಹೀಗೆ ಎರಡೂ ಭಾಷೆಗಳು ಒಂದೇ ಭೇದವನ್ನು ಎರಡು ದಿಕ್ಕಿನಿಂದ ಗುರುತಿಸಿದವು.

ಬದಲಾವಣೆಯ ಬಗೆಗಳು

ಎರವಲು: ಇಂಗ್ಲಿಷಿನಲ್ಲಿ ಹೆಸರಿಲ್ಲದ ವಸ್ತು ಅಥವಾ ಪದ್ಧತಿಗೆ ಇಲ್ಲಿನ ಪದವನ್ನೇ ತೆಗೆದುಕೊಳ್ಳುವುದು. ರಾಗಿ, ತೋಪು, ಬಂಡಿ, ಸಂತೆ ಮುಂತಾದವು ಈ ಬಗೆಯವು. ಗೋತಳಿಗಳ ಹೆಸರುಗಳಾದ ಹಳ್ಳಿಕಾರ್, ಅಮೃತಮಹಲ್, ಆಲಂಬಾಡಿ, ಬರಗೂರು ಸಹ ಹಾಗೆಯೇ ಇಂಗ್ಲಿಷಿಗೆ ಹೋದವು.

ಅರ್ಥಪಲ್ಲಟ: ಇಂಗ್ಲಿಷ್ ಪದವನ್ನು ಉಳಿಸಿಕೊಂಡು ಅರ್ಥವನ್ನು ಬದಲಿಸುವುದು. 'ಟ್ಯಾಂಕ್' ಎಂದರೆ ಬ್ರಿಟನ್ನಿನಲ್ಲಿ ನೀರಿನ ತೊಟ್ಟಿ, ಇಲ್ಲಿ ಕೆರೆ. ಅಮೆರಿಕದ ಮತ್ತು ಯೂರೋಪಿನ ಒಂದು ಪ್ರಾಣಿಯ ಹೆಸರಾದ 'ಬೈಸನ್' ದಕ್ಷಿಣ ಭಾರತದಲ್ಲಿ ಕಾಟಿಯ, ಅಂದರೆ ಕಾಡೆಮ್ಮೆಯ ಹೆಸರಾಯಿತು. ಕಡವೆಯನ್ನು ಬೇಟೆಗಾರರು 'ಎಲ್ಕ್' ಎಂದರು. ಕಾವೇರಿ ಮತ್ತು ತುಂಗಭದ್ರೆಯ ಹರಿಗೋಲಿಗೆ ವೇಲ್ಸ್ ಪ್ರದೇಶದ ಬುಟ್ಟಿದೋಣಿಯ ಹೆಸರಾದ 'ಕೊರಾಕಲ್' ಎಂಬುದನ್ನು ಕೊಟ್ಟರು. ಇಂದು ಪ್ರವಾಸೋದ್ಯಮದ ಫಲಕಗಳಲ್ಲಿ ಹರಿಗೋಲಿಗಿಂತ ಈ ಹೆಸರೇ ಹೆಚ್ಚಾಗಿ ಕಾಣುತ್ತದೆ.

ಪದಶಃ ಅನುವಾದ: ಸ್ಥಳೀಯ ಸಮಾಸಪದವನ್ನು ಬಿಡಿಸಿ ಇಂಗ್ಲಿಷಿಗೆ ತರುವುದು. ದಕ್ಷಿಣದ ಬೇಟೆಗಾರರ ಮಾತಿನಲ್ಲಿ ಬೊಗಳುವ ಜಿಂಕೆಯ ಹೆಸರು 'ಜಂಗಲ್ ಶೀಪ್'. ಇದು ಕನ್ನಡದ 'ಕಾಡುಕುರಿ' ಎಂಬುದರ ನೇರ ರೂಪದಂತಿದೆ. ಕುರಿಯಲ್ಲದ ಪ್ರಾಣಿಯೊಂದು ಇಂಗ್ಲಿಷಿನಲ್ಲಿ ಕುರಿಯಾದುದಕ್ಕೆ ಬೇರೆ ಕಾರಣ ಕಾಣುವುದಿಲ್ಲ.

ವ್ಯಾಕರಣದ ಬೆರಕೆ: 1800ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಸಮುದಾಯಗಳ ಹೆಸರನ್ನು ಕನ್ನಡದ ಬಹುವಚನದೊಂದಿಗೇ 'ಸೋಲಿಗರು', 'ಕುರುಬರು' ಎಂದು ಇಂಗ್ಲಿಷಿನಲ್ಲಿ ಬರೆದರು. ಮುಂದಿನ ತಲೆಮಾರುಗಳ ಬರಹದಲ್ಲಿ ಇದು ಇಂಗ್ಲಿಷಿನ ಬಹುವಚನ ಪ್ರತ್ಯಯ ಪಡೆದು 'ಶೋಲಗಾಸ್' ಆಯಿತು. ಕೇಳಿದ ಪದ ನಿಧಾನವಾಗಿ ಇಂಗ್ಲಿಷ್ ಪದವಾಗುವ ಬಗೆಗೆ ಇದೊಂದು ನಿದರ್ಶನ.

ಆಯ್ದ ಪದಗಳು

ಈ ಭಾಷಾರೂಪದಲ್ಲಿ ಬಳಕೆಯಲ್ಲಿದ್ದ, ಕನ್ನಡ ಓದುಗರಿಗೆ ಪರಿಚಿತವಾದ ಕೆಲವು ಪದಗಳು ಹೀಗಿವೆ. ಇವುಗಳಲ್ಲಿ ಹೆಚ್ಚಿನವು ಕನ್ನಡ, ತಮಿಳು, ತೆಲುಗುಗಳಲ್ಲಿ ಸಮಾನವಾಗಿರುವುದರಿಂದ ಯಾವುದೋ ಒಂದೇ ಭಾಷೆಯಿಂದ ಹೋದವೆಂದು ಹೇಳುವುದು ಕಷ್ಟ.

'ಶ್ಯಾಂಡಿ' – ವಾರದ ಸಂತೆ. ಕನ್ನಡದ ಸಂತೆ, ತಮಿಳಿನ ಸಂದೈ ಪದಗಳಿಗೆ ಸಂಬಂಧಿಸಿದುದು.
'ಬ್ಯಾಂಡಿ' – ಎತ್ತಿನ ಬಂಡಿ ಅಥವಾ ಕುದುರೆ ಗಾಡಿ.
'ಟೋಪ್' – ಮಾವು ಮುಂತಾದ ಮರಗಳ ತೋಪು.
'ಕಾಂಜೀ' – ಗಂಜಿ.
'ಕಂಬ್ಲಿ' – ಕಂಬಳಿ.
'ಟಪಾಲ್' – ಅಂಚೆ.
'ಕಚೆರಿ' – ಸರ್ಕಾರಿ ಕಚೇರಿ.
'ಪಾಲಿಗಾರ್' – ಪಾಳೆಯಗಾರ.
'ಕೂಮ್ರಿ' – ಕಾಡು ಕಡಿದು, ಸುಟ್ಟು ಮಾಡುವ ಕುಮರಿ ಬೇಸಾಯ.
'ರಯಟ್' – ರೈತ. ಕೆನರಾದಲ್ಲಿಯೂ ಅಧಿಕಾರಿಯಾಗಿದ್ದ ಥಾಮಸ್ ಮನ್ರೋ ಅವರ ಹೆಸರಿನೊಂದಿಗೆ ಗುರುತಿಸಲಾಗುವ 'ರಯತ್ವಾರಿ' ಪದ್ಧತಿಯ ಮೂಲಕ ಇದು ಬ್ರಿಟಿಷ್ ಸಂಸತ್ತಿನ ದಾಖಲೆಗಳವರೆಗೂ ಹೋಯಿತು.
'ಡೋಲ್' – ಕಾಡುನಾಯಿ, ಸೀಳುನಾಯಿ. ಈ ಪದದ ಮೂಲ ನಿಶ್ಚಿತವಲ್ಲ; ಕನ್ನಡದ 'ತೋಳ' ಪದದಿಂದ ಬಂದಿರಬಹುದೆಂದು ಮೆರಿಯಮ್-ವೆಬ್‌ಸ್ಟರ್ ನಿಘಂಟು ಸೂಚಿಸುತ್ತದೆ.

ಮೇಸ್ತ್ರಿ, ಆಯಾ, ಪ್ಯೂನ್ ಪದಗಳು ಪೋರ್ಚುಗೀಸ್ ಮೂಲದವು. ಕಾಂಪೌಂಡ್ ಎಂಬುದರ ಮೂಲವನ್ನು ಮಲಯ ಭಾಷೆಯಲ್ಲಿ ಗುರುತಿಸುತ್ತಾರೆ. ಬ್ರಿಟಿಷರು ಬರುವ ಮೊದಲೇ ಕರಾವಳಿಯ ವ್ಯಾಪಾರದಲ್ಲಿ ಹರಡಿದ್ದ ಇಂತಹ ಪದಗಳನ್ನು ಅವರು ಭಾರತೀಯವೆಂದೇ ಭಾವಿಸಿ ಬಳಸಿದರೆ, ಕನ್ನಡಿಗರು ಅವುಗಳಲ್ಲಿ ಹಲವನ್ನು ಇಂಗ್ಲಿಷ್ ಎಂದೇ ತಿಳಿದಿದ್ದಾರೆ.

ಬಳಕೆಯ ಕ್ಷೇತ್ರಗಳು

ಮನೆ ಮತ್ತು ಅಡುಗೆಮನೆ

ಬ್ರಿಟಿಷ್ ಮನೆಯ ದಿನಚರಿಯು ಬಟ್ಲರ್, ಅಡುಗೆಯವ, ಆಯಾ, ಧೋಬಿ, ಮಾಲಿ ಇವರ ಮೇಲೆ ನಿಂತಿತ್ತು. ಬೆಳಗಿನ ಲಘು ಉಪಾಹಾರ 'ಛೋಟಾ ಹಾಜರಿ', ಮಧ್ಯಾಹ್ನದ್ದು 'ಟಿಫಿನ್'. ಟಿಫಿನ್ ಇಂಗ್ಲಿಷಿನದೇ ಹಳೆಯ ಆಡುಮಾತಿನಿಂದ ಹುಟ್ಟಿ, ಭಾರತದಲ್ಲಿ ಹೊಸ ಅರ್ಥ ಪಡೆದು, ಬ್ರಿಟನ್ನಿನಲ್ಲಿ ಮರೆಯಾದ ಮೇಲೂ ನಮ್ಮ ಹೋಟೆಲುಗಳಲ್ಲಿ ಉಳಿದ ಪದವೆಂದು ನಿಘಂಟುಕಾರರು ವಿವರಿಸುತ್ತಾರೆ.

ಮದರಾಸು ಪ್ರಾಂತದ ಮನೆಗಳಲ್ಲಿ ಸೇವಕರು ಆಡುತ್ತಿದ್ದ ಇಂಗ್ಲಿಷಿಗೆ 'ಬಟ್ಲರ್ ಇಂಗ್ಲಿಷ್' ಎಂಬ ಹೆಸರಿತ್ತು. ಅದರಲ್ಲಿ 'ಹೇಳುತ್ತೇನೆ' ಎನ್ನಲು 'ಐ ಟೆಲ್ಲಿಂಗ್', 'ಹೇಳಿದೆ' ಎನ್ನಲು 'ಐ ಡನ್ ಟೆಲ್' ಎಂಬಂತಹ ರಚನೆಗಳಿದ್ದವು. ಆಸ್ಟ್ರಿಯಾದಲ್ಲಿ ಅಧ್ಯಾಪಕರಾಗಿದ್ದ ಭಾಷಾವಿಜ್ಞಾನಿ ಹ್ಯೂಗೋ ಶುಖಾರ್ಟ್ 1891ರಲ್ಲಿಯೇ ಭಾರತದ ಇಂಗ್ಲಿಷ್ ರೂಪಗಳ ಬಗ್ಗೆ ಲೇಖನ ಬರೆದರು. ಈ ರೂಪವನ್ನು ಸೇವಕರು ಮಾತ್ರವಲ್ಲದೆ ಯಜಮಾನರೂ ಸೇವಕರೊಡನೆ ಮಾತನಾಡುವಾಗ ಬಳಸುತ್ತಿದ್ದರೆಂಬುದು ಇದರ ವಿಶೇಷ. ತಪ್ಪು ಇಂಗ್ಲಿಷ್ ಎಂದು ನಗುತ್ತಿದ್ದವರೇ ದಿನವೂ ಅದನ್ನು ಆಡುತ್ತಿದ್ದರು.

ದಂಡು ಪ್ರದೇಶ

ಬೆಂಗಳೂರಿನ ದಂಡಿನಲ್ಲಿ ಕನ್ನಡಕ್ಕಿಂತ ತಮಿಳು ಮತ್ತು ಹಿಂದೂಸ್ತಾನಿಗಳ ಪ್ರಭಾವ ಹೆಚ್ಚಾಗಿತ್ತು. ಸೈನಿಕರು ಹಿಂದೂಸ್ತಾನಿಯ ಆಜ್ಞಾರ್ಥಕ ರೂಪಗಳನ್ನೇ ಇಂಗ್ಲಿಷ್ ಕ್ರಿಯಾಪದಗಳನ್ನಾಗಿ ಮಾಡಿಕೊಂಡರು. ಹಿಡಿ ಎಂಬ ಅರ್ಥದ 'ಪಕಡೋ' ಎಂಬುದರಿಂದ 'ಪಕರೌ', ಮಾಡು ಎಂಬ ಅರ್ಥದ 'ಬನಾವೋ' ಎಂಬುದರಿಂದ 'ಬನೌ' ಹುಟ್ಟಿದವು. ಅಪ್ಪಣೆ ಕೊಡುವಾಗ ಮಾತ್ರ ಕಿವಿಗೆ ಬಿದ್ದ ಭಾಷೆ ಅಪ್ಪಣೆಯ ರೂಪದಲ್ಲಿಯೇ ಅವರಿಗೆ ದಕ್ಕಿತು.

ಕಾಫಿ ತೋಟ

ತೋಟಗಳಲ್ಲಿ ಒಡೆಯನು 'ದೊರೆ', ಅವನ ಹೆಂಡತಿ 'ದೊರೆಸಾನಿ'. ಈ ಎರಡೂ ಪದಗಳನ್ನು ಬ್ರಿಟಿಷರು ತಮ್ಮ ಇಂಗ್ಲಿಷಿನಲ್ಲಿಯೂ ಬಳಸಿದರು. ಕೆಲಸಗಾರರ ಗುಂಪಿನ ಮುಖ್ಯಸ್ಥ 'ಮೇಸ್ತ್ರಿ', ಲೆಕ್ಕ ಬರೆಯುವವ 'ರೈಟರ್', ಕೆಲಸಗಾರರ ಸಾಲುಮನೆಗಳು 'ಲೈನ್'. ಮಲೆನಾಡಿನ ಕನ್ನಡದಲ್ಲಿ 'ಲೈನು ಮನೆ' ಎಂಬ ಮಾತು ಇಂದಿಗೂ ಇದೆ. ಮಂಜರಾಬಾದಿನ ತೋಟಗಾರ ರಾಬರ್ಟ್ ಎಚ್. ಎಲಿಯಟ್ 1871 ಮತ್ತು 1894ರಲ್ಲಿ ಪ್ರಕಟಿಸಿದ ಪುಸ್ತಕಗಳು ಮೈಸೂರು ಸೀಮೆಯ ತೋಟಗಾರರ ಜೀವನವನ್ನು ಚಿತ್ರಿಸುತ್ತವೆ.

ಕಾಡು

ಕಾಡಿನಲ್ಲಿ ಬ್ರಿಟಿಷರ ಅವಲಂಬನೆ ಪೂರ್ಣವಾಗಿತ್ತು. ಹೆಜ್ಜೆಗುರುತು ಓದುವುದು, ನೀರಿನ ಜಾಗ ಹುಡುಕುವುದು, ಪ್ರಾಣಿಯ ಕೂಗನ್ನು ಗುರುತಿಸುವುದು ಸೋಲಿಗರು ಮತ್ತು ಇತರ ಅರಣ್ಯವಾಸಿಗಳಿಗೆ ಮಾತ್ರ ತಿಳಿದಿತ್ತು. ಹೀಗಾಗಿ 'ಶಿಕಾರಿ', 'ಮಚಾನ್', 'ನಲ್ಲಾ', 'ಶೋಲಾ', 'ಘಾಟ್' ಮುಂತಾದ ಪದಗಳಿಲ್ಲದೆ ಬೇಟೆಯ ಇಂಗ್ಲಿಷ್ ಸಾಗುತ್ತಿರಲಿಲ್ಲ. ಟಿ. ಸಿ. ಜೆರ್ಡನ್ ಅವರು 1867ರ ತಮ್ಮ ಭಾರತೀಯ ಸಸ್ತನಿಗಳ ಗ್ರಂಥದಲ್ಲಿ ಪ್ರಾಣಿಗಳ ವೈಜ್ಞಾನಿಕ ಹೆಸರಿನ ಜೊತೆಗೆ ಕನ್ನಡವೂ ಸೇರಿದಂತೆ ಸ್ಥಳೀಯ ಭಾಷೆಗಳ ಹೆಸರುಗಳನ್ನು ಕೊಟ್ಟಿದ್ದಾರೆ. ಆ ಹೆಸರುಗಳನ್ನು ಹೇಳಿಕೊಟ್ಟವರ ಹೆಸರುಗಳು ಇಂತಹ ಗ್ರಂಥಗಳಲ್ಲಿ ಸಾಮಾನ್ಯವಾಗಿ ಉಳಿದಿಲ್ಲ.

ಕೊಳ್ಳೇಗಾಲ ಮತ್ತು ಬಿಳಿಗಿರಿರಂಗನ ಬೆಟ್ಟದ ಸೀಮೆಯ ಬರಹಗಾರರು

ಫ್ರಾನ್ಸಿಸ್ ಬುಕಾನನ್ (1762–1829): ಸ್ಕಾಟ್ಲೆಂಡಿನ ವೈದ್ಯ. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕೆನರಾ ಮತ್ತು ಮಲಬಾರುಗಳಲ್ಲಿ ಸಂಚರಿಸಿ ಬರೆದ ವರದಿ 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಕೊಳ್ಳೇಗಾಲದ ಸೀಮೆಯೂ ಅವರ ದಾರಿಯಲ್ಲಿತ್ತು. ಅಳತೆ, ಬೆಳೆ, ನೆಲದ ಬಗೆ, ಜಾತಿ ಇವುಗಳಿಗೆ ಸ್ಥಳೀಯ ಪದಗಳನ್ನೇ ಬಳಸಿರುವುದರಿಂದ ಅವರ ಇಂಗ್ಲಿಷ್ ವಾಕ್ಯಗಳಲ್ಲಿ ಕನ್ನಡ ಪದಗಳು ಒತ್ತಾಗಿವೆ.

ಜಿ. ಪಿ. ಸ್ಯಾಂಡರ್ಸನ್ (1848–1892): ಮೈಸೂರು ಸಂಸ್ಥಾನದ ನೌಕರಿಯಲ್ಲಿದ್ದು ಚಾಮರಾಜನಗರದ ಬಳಿಯ ಮೊರ್ಲೆಯಲ್ಲಿ ಮನೆ ಮಾಡಿಕೊಂಡಿದ್ದರು. ಕನ್ನಡ ಕಲಿತಿದ್ದ ಅವರು 1870ರ ದಶಕದ ಮೊದಲ ಭಾಗದಲ್ಲಿ ಮೈಸೂರಿನಲ್ಲಿ ಖೆಡ್ಡಾ ಪದ್ಧತಿಯಿಂದ ಆನೆಗಳನ್ನು ಹಿಡಿಯುವುದನ್ನು ಆರಂಭಿಸಿದರು. 1878ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಬಿಳಿಗಿರಿರಂಗನ ಬೆಟ್ಟವು 'ಬಿಲ್ಲಿಗರಂಗನ್' ಆಗಿದೆ. ಕಿವಿಗೆ ಕೇಳಿದಂತೆ ಬರೆಯುವ ಈ ಕ್ರಮದಿಂದಲೇ ಶ್ರೀರಂಗಪಟ್ಟಣ 'ಸೆರಿಂಗಪಟಂ', ಮಡಿಕೇರಿ 'ಮರ್ಕಾರಾ', ಕೊಡಗು 'ಕೂರ್ಗ್' ಆದವು.

ಮಾರಿಸ್ ಕುಟುಂಬ: 19ನೆಯ ಶತಮಾನದ ಕೊನೆಯ ಭಾಗದಲ್ಲಿ ಬಿಳಿಗಿರಿರಂಗನ ಬೆಟ್ಟದ ಅತ್ತಿಖಾನೆಯಲ್ಲಿ ಕಾಫಿ ತೋಟ ಮಾಡಿದ ಕುಟುಂಬ. ಮುಂದೆ ಹೊನ್ನಮೇಟಿಯ ತೋಟದಲ್ಲಿ ನೆಲೆಸಿದ ಆರ್. ಸಿ. ಮಾರಿಸ್ (1894–1977) ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ವನ್ಯಜೀವಿಗಳ ಬಗ್ಗೆ ಅನೇಕ ಟಿಪ್ಪಣಿಗಳನ್ನು ಬರೆದರು. ಅವರ ಮಗಳು ಮೋನಿಕಾ ಜಾಕ್ಸನ್ 1955ರಲ್ಲಿ ಹಿಮಾಲಯಕ್ಕೆ ಹೋದ ಮೊದಲ ಮಹಿಳಾ ಪರ್ವತಾರೋಹಿ ತಂಡದ ಸದಸ್ಯೆ. ಈ ಬೆಟ್ಟಗಳಲ್ಲಿ ಕಳೆದ ಬಾಲ್ಯವನ್ನೂ ಆಕೆ ಬರಹದಲ್ಲಿ ದಾಖಲಿಸಿದ್ದಾರೆ.

ಕೆನೆತ್ ಆಂಡರ್ಸನ್ (1910–1974): ಹಲವು ತಲೆಮಾರುಗಳಿಂದ ಭಾರತದಲ್ಲಿದ್ದ ಸ್ಕಾಟಿಷ್ ಮೂಲದ ಕುಟುಂಬದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ, ಅಲ್ಲಿಯೇ ಬಾಳಿ, ಅಲ್ಲಿಯೇ ನಿಧನರಾದರು. ಬೇಟೆಯ ಕಥೆಗಳ ಮೊದಲ ಸಂಕಲನ 1954ರಲ್ಲಿ ಬಂದಿತು. ಕಾವೇರಿಯ ಎರಡೂ ದಡಗಳ ಕಾಡುಗಳು, ಕೊಳ್ಳೇಗಾಲದಿಂದ ದಿಂಬಂವರೆಗಿನ ಬೆಟ್ಟಗಳು ಅವರ ಕಥೆಗಳ ನೆಲೆಗಳಲ್ಲಿ ಸೇರಿವೆ. ಅವರ ಇಂಗ್ಲಿಷಿನಲ್ಲಿ 'ಪೂಜಾರಿ' ಎಂಬುದು ಗುಡಿಯ ಅರ್ಚಕನಲ್ಲ, ಕಾಡಿನ ಒಂದು ಬುಡಕಟ್ಟಿನವನ ಹೆಸರು. ಬೈರನಂತಹ ಒಡನಾಡಿಯನ್ನು ಹೆಸರಿಟ್ಟು, ಗೆಳೆಯನೆಂದು ಕರೆದು ಬರೆದದ್ದು ಅವರ ಬರಹವನ್ನು ಹಿಂದಿನ ಬೇಟೆ ಸಾಹಿತ್ಯದಿಂದ ಬೇರ್ಪಡಿಸುತ್ತದೆ. ಅವರ ಕಥೆಗಳನ್ನು ಕೆ. ಪಿ. ಪೂರ್ಣಚಂದ್ರ ತೇಜಸ್ವಿ 'ಕಾಡಿನ ಕಥೆಗಳು' ಮಾಲಿಕೆಯಲ್ಲಿ ಕನ್ನಡಕ್ಕೆ ತಂದರು. ಕನ್ನಡ ಸೀಮೆಯಿಂದ ಇಂಗ್ಲಿಷಿಗೆ ಹೋದ ಕಾಡು ಹೀಗೆ ಕನ್ನಡಕ್ಕೆ ಮರಳಿತು.

ಮಕ್ಕಳ ಭಾಷೆ ಮತ್ತು ಉಚ್ಚಾರಣೆ

ಆಯಾಗಳ ಮಡಿಲಲ್ಲಿ ಬೆಳೆದ ಬ್ರಿಟಿಷ್ ಮಕ್ಕಳು ಅನೇಕ ವೇಳೆ ಇಂಗ್ಲಿಷಿಗಿಂತ ಮೊದಲು ಸ್ಥಳೀಯ ಭಾಷೆಯನ್ನೇ ಆಡುತ್ತಿದ್ದರು. ಬೊಂಬಾಯಿಯಲ್ಲಿ ಹುಟ್ಟಿದ ರುಡ್ಯಾರ್ಡ್ ಕಿಪ್ಲಿಂಗ್, ತಾವು ಬಾಲ್ಯದಲ್ಲಿ ಸೇವಕರ ಭಾಷೆಯಲ್ಲಿ ಯೋಚಿಸಿ ತಂದೆತಾಯಿಯರ ಬಳಿ ತಡವರಿಸುತ್ತ ಇಂಗ್ಲಿಷ್ ಆಡುತ್ತಿದ್ದುದನ್ನು ಆತ್ಮಕಥೆಯಲ್ಲಿ ನೆನೆದಿದ್ದಾರೆ. ಅನುಕೂಲವಿದ್ದ ಕುಟುಂಬಗಳು ಮಕ್ಕಳನ್ನು ಆರೇಳು ವರ್ಷವಾಗುತ್ತಲೇ ಬ್ರಿಟನ್ನಿಗೆ ಕಳುಹಿಸುತ್ತಿದ್ದವು. ಆರೋಗ್ಯ ಮತ್ತು ವಿದ್ಯಾಭ್ಯಾಸದ ಜೊತೆಗೆ, ಮಗುವಿನ ಮಾತಿಗೆ ಇಲ್ಲಿನ ಧಾಟಿ ಅಂಟಬಾರದೆಂಬ ಚಿಂತೆಯೂ ಅದಕ್ಕೆ ಕಾರಣವಾಗಿತ್ತು. ಹೀಗೆ ಹೋದ ಮಕ್ಕಳಲ್ಲಿ ಮೊದಲು ಕಲಿತ ಭಾಷೆ ಕೆಲವೇ ವರ್ಷಗಳಲ್ಲಿ ಮರೆತುಹೋಗುತ್ತಿತ್ತು.

ಕಳುಹಿಸಲಾಗದವರಿಗಾಗಿ ಭಾರತದಲ್ಲಿಯೇ ಶಾಲೆಗಳಾದವು. ಉದಕಮಂಡಲದ ಬಳಿಯ ಲಾರೆನ್ಸ್ ಶಾಲೆ (1858) ಮತ್ತು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ (1865) ಅಂತಹವು. ಇಲ್ಲಿಯೇ ಬೆಳೆದವರ ಮತ್ತು ಮಿಶ್ರ ಮೂಲದವರ ಉಚ್ಚಾರಣೆಯನ್ನು 'ಚೀ-ಚೀ' ಎಂಬ ಹೀನಾಯದ ಹೆಸರಿನಿಂದ ಹಂಗಿಸುತ್ತಿದ್ದರು. ಕ್ಲಬ್ಬಿನ ಪ್ರವೇಶ, ಮದುವೆ, ನೌಕರಿಯ ಬಡ್ತಿ ಎಲ್ಲದರಲ್ಲಿಯೂ ಈ ಧಾಟಿ ಅಡ್ಡಬರುತ್ತಿತ್ತು. ಕುತೂಹಲದ ಸಂಗತಿಯೆಂದರೆ, ನೆಲೆಸಿದ ಬ್ರಿಟಿಷರು ಇಲ್ಲಿನ ನೂರಾರು ಪದಗಳನ್ನು ಹೆಮ್ಮೆಯಿಂದ ಬಳಸಿದರು. ಇಲ್ಲಿನ ಸ್ವರವನ್ನು ಮಾತ್ರ ಕಳಂಕವೆಂದು ಕಂಡರು.

'ಆಂಗ್ಲೋ-ಇಂಡಿಯನ್' ಎಂಬ ಹೆಸರಿನ ಅರ್ಥವೂ ಬದಲಾಯಿತು. 19ನೆಯ ಶತಮಾನದಲ್ಲಿ ಅದು ಭಾರತದಲ್ಲಿ ನೆಲೆಸಿದ ಬ್ರಿಟಿಷರನ್ನು ಸೂಚಿಸುತ್ತಿತ್ತು. 1911ರಿಂದ ಸರ್ಕಾರಿ ಬಳಕೆಯಲ್ಲಿ ಮಿಶ್ರ ಮೂಲದ ಸಮುದಾಯದ ಹೆಸರಾಯಿತು. ಭಾರತ ಸಂವಿಧಾನದ 366(2)ನೆಯ ವಿಧಿ ಇದನ್ನು ಪಿತೃವಂಶದ ಆಧಾರದ ಮೇಲೆ ವ್ಯಾಖ್ಯಾನಿಸುತ್ತದೆ. ಬೆಂಗಳೂರಿನ ಬಳಿಯ ವೈಟ್‌ಫೀಲ್ಡ್ 1880ರ ದಶಕದಲ್ಲಿ ಈ ಸಮುದಾಯದ ವಸಾಹತಾಗಿ ಆರಂಭವಾಯಿತು.

ಕನ್ನಡದ ಕಲಿಕೆ ಮತ್ತು ನಿಘಂಟುಗಳು

ಎಲ್ಲ ಬ್ರಿಟಿಷರ ಕನ್ನಡವೂ ಅಪ್ಪಣೆಯ ಮಾತಿಗೆ ಸೀಮಿತವಾಗಿರಲಿಲ್ಲ. ಮದರಾಸಿನಲ್ಲಿ 1812ರಲ್ಲಿ ಆರಂಭವಾದ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜಿನಲ್ಲಿ ಕಿರಿಯ ಅಧಿಕಾರಿಗಳು ದಕ್ಷಿಣದ ಭಾಷೆಗಳನ್ನು ಕಲಿಯುತ್ತಿದ್ದರು. ವಿಲಿಯಂ ಕೇರಿ (1817) ಮತ್ತು ಜಾನ್ ಮೆಕೆರೆಲ್ (1820) ಕನ್ನಡ ವ್ಯಾಕರಣಗಳನ್ನು ಬರೆದರು. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಪ್ರಕಟವಾಯಿತು. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್ ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಹೊರತಂದರು. ಈ ಕೆಲಸಗಳೆಲ್ಲವೂ ಕನ್ನಡದ ಪಂಡಿತರ ನೆರವಿನಿಂದ ನಡೆದವು.

ಬದಲಾದ ಇಂಗ್ಲಿಷನ್ನು ದಾಖಲಿಸುವ ಕೋಶಗಳೂ ಬಂದವು. ಎಚ್. ಎಚ್. ವಿಲ್ಸನ್ ಅವರ ನ್ಯಾಯ ಮತ್ತು ಕಂದಾಯ ಪದಗಳ ಕೋಶ 1855ರಲ್ಲಿ ಪ್ರಕಟವಾಯಿತು. ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು 1886ರ 'ಹಾಬ್ಸನ್-ಜಾಬ್ಸನ್'. ಇದರ ಕರ್ತೃಗಳು ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್. ಬರ್ನೆಲ್ ಮಂಗಳೂರಿನಲ್ಲಿಯೂ ಅಧಿಕಾರಿಯಾಗಿದ್ದು ತುಳುನಾಡಿನ ಭೂತಾರಾಧನೆಯ ಬಗ್ಗೆ ಬರೆದವರು. ಕೋಶ ಪ್ರಕಟವಾಗುವ ಮೊದಲೇ, 1882ರಲ್ಲಿ ನಿಧನರಾದರು. ಮೊಹರಂ ಮೆರವಣಿಗೆಯ 'ಯಾ ಹಸನ್, ಯಾ ಹುಸೇನ್' ಎಂಬ ಕೂಗು ಬ್ರಿಟಿಷ್ ಸೈನಿಕರ ಬಾಯಲ್ಲಿ 'ಹಾಬ್ಸನ್-ಜಾಬ್ಸನ್' ಆಗಿತ್ತು. ಅದೇ ಕೋಶದ ಹೆಸರಾಯಿತು. ವಿಲಿಯಂ ಕ್ರೂಕ್ ಪರಿಷ್ಕರಿಸಿದ ಎರಡನೆಯ ಆವೃತ್ತಿ 1903ರಲ್ಲಿ ಬಂದಿತು.

ತಾಯ್ನಾಡಿಗೆ ಮರಳಿದವರು

ನಿವೃತ್ತರಾಗಿ ಬ್ರಿಟನ್ನಿಗೆ ಮರಳಿದವರ ಮಾತು ಅಲ್ಲಿ ವಿಚಿತ್ರವಾಗಿ ಕೇಳಿಸುತ್ತಿತ್ತು. 18ನೆಯ ಶತಮಾನದಲ್ಲಿ ಹಣ ಮಾಡಿಕೊಂಡು ಮರಳಿದವರನ್ನು 'ನೇಬಾಬ್', ಅಂದರೆ ನವಾಬ ಎಂದು ಅಣಕಿಸಲಾಯಿತು. ಸ್ಯಾಮ್ಯುಯೆಲ್ ಫೂಟ್ 1772ರಲ್ಲಿ ಅದೇ ಹೆಸರಿನ ಪ್ರಹಸನ ಬರೆದರು. ಸುರಪುರದಲ್ಲಿ ಹಲವು ವರ್ಷ ಆಡಳಿತ ನಡೆಸಿದ ಫಿಲಿಪ್ ಮೆಡೋಸ್ ಟೇಲರ್ ಅವರ 1839ರ ಕಾದಂಬರಿಯು 'ಥಗ್' ಎಂಬ ಪದವನ್ನು ಇಂಗ್ಲಿಷ್ ಓದುಗರಲ್ಲಿ ಹರಡಲು ಕಾರಣವಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ 'ವಿಲಾಯತಿ' ಎಂಬುದರಿಂದ ಹುಟ್ಟಿದ 'ಬ್ಲೈಟಿ' ಬ್ರಿಟಿಷ್ ಸೈನಿಕರಿಗೆ ತಾಯ್ನಾಡಿನ ಅಕ್ಕರೆಯ ಹೆಸರಾಯಿತು. ಹೊರನಾಡಿನವರು ಕೊಟ್ಟ ಹೆಸರಿನಿಂದಲೇ ಅವರು ತಮ್ಮ ನಾಡನ್ನು ನೆನೆದರು.

ಭಾಷಾವಿಜ್ಞಾನದ ದೃಷ್ಟಿ

ಒಡನಾಡುವವರ ಮಾತಿಗೆ ತನ್ನ ಮಾತನ್ನು ಅರಿವಿಲ್ಲದೆಯೇ ಹೊಂದಿಸಿಕೊಳ್ಳುವುದನ್ನು ಭಾಷಾವಿಜ್ಞಾನಿಗಳು 'ಹೊಂದಾಣಿಕೆ' ಎನ್ನುತ್ತಾರೆ. ಹೊವರ್ಡ್ ಗೈಲ್ಸ್ 1970ರ ದಶಕದಲ್ಲಿ ಇದರ ಸಿದ್ಧಾಂತವನ್ನು ರೂಪಿಸಿದರು. ಹೊರಗಿನ ಸಂಪರ್ಕ ಕಡಿಮೆಯಾದಾಗ ಬದಲಾವಣೆ ಬೇಗ ಆರಂಭವಾಗಬಲ್ಲುದು. ಅಂಟಾರ್ಕ್ಟಿಕಾದ ಬ್ರಿಟಿಷ್ ನೆಲೆಯಲ್ಲಿ ಚಳಿಗಾಲ ಕಳೆದ 11 ಮಂದಿಯ ಧ್ವನಿಮುದ್ರಣಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೆಲವೇ ತಿಂಗಳುಗಳಲ್ಲಿ ಅವರ ಸ್ವರಗಳಲ್ಲಿ ಸಣ್ಣ ಬದಲಾವಣೆಗಳಾದುದನ್ನು ಗುರುತಿಸಿತು.

ಆದರೆ ಹೊಂದಾಣಿಕೆಯು ಸಮಾನರ ನಡುವೆ ಸುಲಭ. ಕರ್ನಾಟಕದ ಬ್ರಿಟಿಷರು ಸ್ಥಳೀಯರಿಂದ ಪದಗಳನ್ನು ಪಡೆದರೂ ಉಚ್ಚಾರಣೆಯಲ್ಲಿ ದೂರವನ್ನು ಕಾಯ್ದುಕೊಳ್ಳಲು ಯತ್ನಿಸಿದ್ದು ಅಧಿಕಾರದ ಅಂತರವನ್ನು ತೋರಿಸುತ್ತದೆ. ಇಂತಹ ಪ್ರಕ್ರಿಯೆ ಇತರೆಡೆಯೂ ನಡೆದಿದೆ. ಪೂರ್ವ ಆಫ್ರಿಕದ ಸ್ವಾಹಿಲಿಯಿಂದ 'ಸಫಾರಿ', ಮಲಯ ಭಾಷೆಯಿಂದ 'ಅಮೋಕ್' ಇಂಗ್ಲಿಷಿಗೆ ಬಂದವು.

ಇಂದಿನ ಸ್ಥಿತಿ

1947ರ ನಂತರ ಬ್ರಿಟಿಷರಲ್ಲಿ ಹೆಚ್ಚಿನವರು ಮರಳಿದರು. ತೋಟಗಳು ಭಾರತೀಯರ ಕೈಸೇರಿದವು. ಅವರ ಇಂಗ್ಲಿಷಿನ ಅನೇಕ ಪದಗಳು ಬ್ರಿಟನ್ನಿನಲ್ಲಿ ಮರೆತುಹೋದರೂ ಭಾರತೀಯ ಇಂಗ್ಲಿಷಿನಲ್ಲಿ ಮತ್ತು ಕನ್ನಡದಲ್ಲಿ ಉಳಿದಿವೆ. ಟಿಫಿನ್, ಬಂಗಲೆ, ಗೋಡೌನು, ಕಾಂಪೌಂಡು, ಟ್ಯಾಂಕ್ ಬಂಡ್, ಔಟ್‌ಸ್ಟೇಷನ್ ಇವು ದಿನಬಳಕೆಯ ಪದಗಳು. 2014ರ ನವೆಂಬರ್ 1ರಂದು ಕರ್ನಾಟಕದ ಹಲವು ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಣೆಗೆ ಅನುಗುಣವಾಗಿ ಬದಲಿಸಲಾಯಿತು.

ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳು ಇಂದು ಸಂರಕ್ಷಿತ ಅರಣ್ಯಗಳಾಗಿವೆ. ಅಲ್ಲಿನ ಪ್ರಾಣಿ, ಮರ, ಹಳ್ಳಗಳ ಹೆಸರುಗಳನ್ನು ಇಂಗ್ಲಿಷ್ ಪುಸ್ತಕಗಳಿಗೆ ಒದಗಿಸಿದ ಸೋಲಿಗರು ತಮ್ಮದೇ ಆದ ಸೋಲಿಗ ನುಡಿಯನ್ನು ಈಗಲೂ ಆಡುತ್ತಾರೆ. ಬ್ರಿಟಿಷರ ಬದಲಾದ ಇಂಗ್ಲಿಷಿಗೆ ದಪ್ಪ ಕೋಶಗಳಿವೆ. ಅದನ್ನು ಬದಲಿಸಿದ ನುಡಿಗಳ ದಾಖಲೀಕರಣವು ಇನ್ನೂ ಬಹಳಷ್ಟು ನಡೆಯಬೇಕಾಗಿದೆ.

ಇವನ್ನೂ ನೋಡಿ

ಭಾರತೀಯ ಇಂಗ್ಲಿಷ್
ಹಾಬ್ಸನ್-ಜಾಬ್ಸನ್
ಕೆನೆತ್ ಆಂಡರ್ಸನ್
ಬಿ. ಎಲ್. ರೈಸ್
ಸೋಲಿಗರು
ಬಿಳಿಗಿರಿರಂಗನ ಬೆಟ್ಟ
ಕೊಳ್ಳೇಗಾಲ
ಕೌದಳ್ಳಿ